ನೀರಂಚಿನ ಮನೆ ಮಾರುವ ಮುಂಚೆ: ಕೊಡಗಿನ ಮಾಲೀಕರಿಗೆ ಒಂದು ಹೋಲಿಕೆ

ಮನೆ ಮಾರಬೇಕು ಅಂದ ತಕ್ಷಣ ಎಲ್ಲರೂ ಕೇಳುವುದು ಒಂದೇ, "ಎಷ್ಟಕ್ಕೆ ಹೋಗಬಹುದು?" ಹಾರಂಗಿ ಹಿನ್ನೀರಿನ ಪಕ್ಕ ಇರುವವರು, ಕಾವೇರಿ ದಂಡೆಯಲ್ಲಿ ಇರುವವರು, ತೋಟದೊಳಗೆ ಒಳ್ಳೆಯ ಕೆರೆ ಇರುವವರು, ಎಲ್ಲರದೂ ಇದೇ ಪ್ರಶ್ನೆ. ರೇಟ್ ಹೇಳುವವರಿಗೆ ಕಮ್ಮಿ ಇಲ್ಲ. ಕುಶಾಲನಗರದ ಯಾವುದಾದರೂ ಟೀ ಅಂಗಡಿಯಲ್ಲಿ ಅರ್ಧ ಗಂಟೆ ಕೂತರೆ ನಾಲ್ಕು ಥರದ ರೇಟ್ ಕಿವಿಗೆ ಬೀಳುತ್ತದೆ.

ಆದರೆ ನೀರಿನ ಪಕ್ಕದ ಜಾಗದ ಬೆಲೆ ಕೊನೆಗೆ ನಿಲ್ಲುವುದು ಬೇರೆ ಎರಡು ವಿಷಯಗಳ ಮೇಲೆ. ನಿಮ್ಮ ಪಕ್ಕ ಇರುವುದು ಎಂಥ ನೀರು? ಆ ನೀರಿನ ತನಕ ಇರುವ ಜಾಗ ನಿಜಕ್ಕೂ ನಿಮ್ಮದಾ? ಇವೆರಡಕ್ಕೆ ಉತ್ತರ ಕೈಯಲ್ಲಿದ್ದರೆ, ಯಾರಿಗೆ ಮಾರುವುದು, ಬ್ರೋಕರ್ ಬೇಕಾ ಬೇಡವಾ, ಈ ವರ್ಷವೋ ಮುಂದಿನ ವರ್ಷವೋ ಅನ್ನುವುದನ್ನೆಲ್ಲ ತೀರ್ಮಾನ ಮಾಡುವುದು ಸುಲಭ. ಉತ್ತರ ಇಲ್ಲದೆ ಹೊರಟರೆ ಅಡ್ವಾನ್ಸ್ ತಗೊಂಡ ಮೇಲೆ ತೊಂದರೆ ಶುರುವಾಗುತ್ತದೆ. ಹಾಗಾಗಿ ಅಲ್ಲಿಂದಲೇ ಹೊರಡೋಣ.

ಎಲ್ಲ ನೀರೂ ಒಂದೇ ಅಲ್ಲ

ಕೊಡಗಿನಲ್ಲಿ ದೊಡ್ಡ ಸಹಜ ಕೆರೆಗಳು ಕಡಿಮೆ. ಸೋಮವಾರಪೇಟೆ ಹತ್ತಿರ ದೊಡ್ಡಮಳ್ತೆಯ ಹೊನ್ನಮ್ಮನ ಕೆರೆ ಬಿಟ್ಟರೆ ಹೊರಗಿನವರಿಗೆ ಹೆಸರು ಗೊತ್ತಿರುವ ಕೆರೆ ಹುಡುಕಬೇಕು. "ಲೇಕ್ ವ್ಯೂ" ಎಂದು ಜಾಹೀರಾತಿನಲ್ಲಿ ಬರುವುದರಲ್ಲಿ ಬಹಳಷ್ಟು ಜಲಾಶಯದ ಹಿನ್ನೀರು, ಇಲ್ಲವೇ ತೋಟದ ಕೆರೆ. ಇವುಗಳ ಜೊತೆಗೆ ಹೊಳೆ ದಂಡೆ.

ಹಾರಂಗಿ ಹಿನ್ನೀರು ನೋಡುವುದಕ್ಕೆ ಎಲ್ಲಕ್ಕಿಂತ ಚೆಂದ. ಕೊಳ್ಳುವವರನ್ನು ಜಾಸ್ತಿ ಎಳೆಯುವುದೂ ಅದೇ. ಜಲಾಶಯದ ಪೂರ್ತಿ ಮಟ್ಟ 2,859 ಅಡಿ. ಮಳೆಗಾಲದಲ್ಲಿ ತುಂಬಿ ನಿಂತಾಗ ಮನೆಯ ಜಗಲಿಯಿಂದ ನೋಡಿದರೆ ಬೇರೆ ಏನೂ ಬೇಡ ಅನ್ನಿಸುತ್ತದೆ. ಆದರೆ ಈ ನೀರು ಇರುವುದು ನೋಟಕ್ಕಲ್ಲ. ಕೆಳಗಡೆ ಮೈಸೂರು, ಹಾಸನ ಜಿಲ್ಲೆಗಳ ಗದ್ದೆಗಳಿಗೆ ಕಾಲುವೆಯಲ್ಲಿ ಹೋಗುತ್ತದೆ. ಬೇಸಿಗೆ ಹತ್ತಿರವಾದಂತೆ ನೀರು ಹಿಂದೆ ಸರಿಯುತ್ತದೆ, ಮುಂದೆ ಒಣಗಿದ ಕೆಂಪು ಮಣ್ಣು, ಹಳೆಯ ಮರದ ಬುಡಗಳು ಕಾಣುತ್ತವೆ. ಚಿಕ್ಲಿಹೊಳೆಯಲ್ಲೂ ಇದೇ ಕಥೆ, ಅಳತೆ ಮಾತ್ರ ಸಣ್ಣದು.

ಕಾವೇರಿ ದಂಡೆಯ ಮನೆಗೆ ಬೇರೆಯದೇ ಆಕರ್ಷಣೆ, ಬೇರೆಯದೇ ಭಯ. 2018 ಮತ್ತು 2019ರ ಆಗಸ್ಟ್ ತಿಂಗಳನ್ನು ನಾವು ಯಾರೂ ಮರೆತಿಲ್ಲ. ಕರಡಿಗೋಡು, ನೆಲ್ಯಹುದಿಕೇರಿ ಕಡೆ ಮನೆಗಳೇ ಹೋದವು. ಕುಶಾಲನಗರದಲ್ಲಿ ಹೊಳೆ ಪಕ್ಕದ ಬಡಾವಣೆಗಳ ಒಳಗೆ ನೀರು ಬಂತು. ಬೆಂಗಳೂರಿನಿಂದ ಬರುವವರೂ ಇದನ್ನೆಲ್ಲ ಮೊಬೈಲ್‌ನಲ್ಲಿ ನೋಡಿಯೇ ಬಂದಿರುತ್ತಾರೆ. "ನಮ್ಮ ಕಡೆ ಏನೂ ಆಗಿಲ್ಲ" ಎಂಬ ಒಂದು ಮಾತಿನಿಂದ ಅವರಿಗೆ ಧೈರ್ಯ ಬರುವುದಿಲ್ಲ.

ಪೇಟೆಯವರ ಕಣ್ಣಿಗೆ ಅಷ್ಟಾಗಿ ಬೀಳದಿದ್ದರೂ ಗಟ್ಟಿ ಆಸ್ತಿ ಅಂದರೆ ತೋಟದೊಳಗಿನ ಸ್ವಂತ ಕೆರೆ. ಅದು ಪೂರ್ತಿ ನಿಮ್ಮ ಸರ್ವೆ ನಂಬರ್ ಒಳಗೇ ಇದ್ದು, ಮಾರ್ಚ್‌ನಲ್ಲಿ ಹೂ ಮಳೆ ಕೈಕೊಟ್ಟಾಗ ರೊಬಸ್ಟಾಗೆ ಸ್ಪ್ರಿಂಕ್ಲರ್ ಹೊಡೆಯುವಷ್ಟು ನೀರು ಉಳಿಯುತ್ತದೆ ಅಂದರೆ, ಕಾಫಿ ಗೊತ್ತಿರುವವರು ಅದಕ್ಕೆ ಜಾಸ್ತಿ ದುಡ್ಡು ಕೊಡುತ್ತಾರೆ. ಪ್ರವಾಸಕ್ಕೆ ಬಂದು ಆಸೆಪಟ್ಟವರಿಗೆ ಅದರ ಬೆಲೆ ಗೊತ್ತಾಗುವುದಿಲ್ಲ. ಹಾಗಾಗಿ ನಿಮ್ಮದು ತೋಟದ ಕೆರೆ ಆದರೆ ಮೊದಲು ಬೆಳೆಗಾರರನ್ನು ಹುಡುಕಿ. ಹಿನ್ನೀರಾದರೆ ಬೆಂಗಳೂರು, ಮೈಸೂರಿನವರು. ಹೊಳೆ ದಂಡೆಯಾದರೆ ಆ ಹೊಳೆಯನ್ನು ಬಲ್ಲ ಜಿಲ್ಲೆಯವರೇ ಮೊದಲು. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಿಮ್ಮ ಗಡಿ ಎಲ್ಲಿಗೆ ನಿಲ್ಲುತ್ತದೆ

ಈ ವಿಷಯಕ್ಕೆ ಸ್ವಲ್ಪ ಜಾಸ್ತಿ ಜಾಗ ಬೇಕು, ಯಾಕೆಂದರೆ ನಾನು ನೋಡಿದ ವ್ಯಾಪಾರಗಳು ಮುರಿದು ಬಿದ್ದಿರುವುದು ಹೆಚ್ಚಾಗಿ ಇಲ್ಲೇ.

ನಮ್ಮ ಚಿಕ್ಕಮ್ಮನ ಮನೆ ಹಾರಂಗಿ ಹಿನ್ನೀರಿನ ಪಕ್ಕ. ಮಾರುವ ಮಾತು ಬಂದಾಗ ಮೊದಲು ಸರ್ವೆಯವರನ್ನು ಕರೆಸಿದೆವು. ಮನೆ ಮುಂದೆ ಇಳಿಜಾರು, ಆಮೇಲೆ ಒಂದು ಸಾಲು ಸಿಲ್ವರ್ ಓಕ್, ಅದರಾಚೆ ಚಿಕ್ಕಪ್ಪ ಕಟ್ಟಿಸಿದ ಕಲ್ಲು ಬೆಂಚು, ಅಲ್ಲಿಂದ ನೀರು. ಇಷ್ಟೂ ನಮ್ಮದೇ ಅಂತ ಮನೆಯಲ್ಲಿ ಎಲ್ಲರ ಲೆಕ್ಕ. ಸರ್ವೆಯವರು ನಕ್ಷೆ ಹಿಡಿದು ಅಳೆಯುತ್ತಾ ಬಂದು ಸಿಲ್ವರ್ ಓಕ್ ಸಾಲಿನ ಪಕ್ಕವೇ ನಿಂತರು. ಲಂಟಾನ ಪೊದೆ ಕಡಿಸಿದರು. ಕೆಳಗೆ ಪಾಚಿ ಹಿಡಿದ ಕಲ್ಲು. ಜಲಾಶಯಕ್ಕೆ ಜಾಗ ವಶಪಡಿಸಿಕೊಂಡಾಗ ನೆಟ್ಟ ಗಡಿ ಕಲ್ಲು ಅದು. ಬೆಂಚು ಆ ಕಲ್ಲಿನಿಂದ ಆಚೆ ಇತ್ತು. "ಇಲ್ಲಿಂದ ಮುಂದೆ ನಿಮ್ಮದಲ್ಲ ಅಕ್ಕ, ನೀರು ಇದ್ದರೂ ಇಲ್ಲದಿದ್ದರೂ," ಅಂದರು. ಚಿಕ್ಕಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಸರಿ, ಹಾಗಾದರೆ ಕಲ್ಲಿನ ತನಕವೇ ಬರೀರಿ," ಅಂದರು.

ಕೊಳ್ಳಲು ಬಂದವರಿಗೂ ಆ ಕಲ್ಲನ್ನೇ ಮೊದಲು ತೋರಿಸಿದೆವು. ಒಬ್ಬರು ಹಿಂದೆ ಸರಿದರು. ಆಮೇಲೆ ಬಂದವರು ಸರ್ವೆ ನಕ್ಷೆ ಕೈಯಲ್ಲಿ ಹಿಡಿದು ಜಾಗ ಸುತ್ತಿದರು, ರೇಟ್ ಬಗ್ಗೆ ಜಾಸ್ತಿ ಎಳೆದಾಡಲಿಲ್ಲ. ಗಡಿ ಗೊತ್ತಿದ್ದರೆ ಅನುಮಾನಕ್ಕೆ ಅಂತ ದುಡ್ಡು ಕಡಿಮೆ ಮಾಡಲು ಅವರಿಗೆ ಕಾರಣ ಉಳಿಯುವುದಿಲ್ಲ ಅಲ್ವಾ?

ಹಿನ್ನೀರಿನಲ್ಲಿ ನೀರು ಸರಿದಾಗ ತೆರೆದುಕೊಳ್ಳುವ ಜಾಗ ನೀರಾವರಿ ನಿಗಮದ್ದು. ಅಲ್ಲಿ ಬೇಲಿ ಹಾಕಿದ್ದರೆ, ದೋಣಿ ಕಟ್ಟಲು ಕಟ್ಟೆ ಮಾಡಿದ್ದರೆ, ಅದನ್ನು ಮನೆಯ ಭಾಗ ಎಂದು ಮಾರುವಂತಿಲ್ಲ. ಹೊಳೆ, ಹಳ್ಳ, ಸರ್ಕಾರಿ ಕೆರೆ ಪಕ್ಕ ಆದರೆ ಪಹಣಿಯಲ್ಲಿ ಖರಾಬು, ಅಂದರೆ ಸಾಗುವಳಿಗೆ ಸೇರದ ಜಾಗ, ಎಷ್ಟು ಅಂತ ನೋಡಿ. 'ಬಿ' ಖರಾಬು ಸಾರ್ವಜನಿಕ ಜಾಗ. ನಿಮ್ಮ ಸರ್ವೆ ನಂಬರ್ ಒಳಗೇ ಕಾಣಿಸಿದರೂ ಅದನ್ನು ವಿಸ್ತೀರ್ಣಕ್ಕೆ ಸೇರಿಸಿ ದುಡ್ಡು ಕೇಳಬೇಡಿ.

ಇನ್ನೊಂದು ಇದೆ, ಬಫರ್. ನಿಮ್ಮದೇ ಜಾಗ ಆದರೂ ನೀರಿನಿಂದ ಇಷ್ಟು ದೂರದ ಒಳಗೆ ಹೊಸದಾಗಿ ಕಟ್ಟುವಂತಿಲ್ಲ ಎಂಬ ನಿಯಮ. ಕೆರೆಗೆ ಒಂದು, ಹೊಳೆಗೆ ಒಂದು, ಜಲಾಶಯಕ್ಕೆ ಇನ್ನೊಂದು. ಬಾಯಿಮಾತಿನ ಮೀಟರ್ ಲೆಕ್ಕ ನಂಬಬೇಡಿ. ಯೋಜನಾ ಪ್ರಾಧಿಕಾರಕ್ಕೆ ನಿಮ್ಮ ಸರ್ವೆ ನಂಬರ್ ಕೊಟ್ಟು ಬರವಣಿಗೆಯಲ್ಲಿ ಉತ್ತರ ತಗೊಳ್ಳಿ. ಪುಷ್ಪಗಿರಿ, ತಲಕಾವೇರಿ, ಬ್ರಹ್ಮಗಿರಿ ವನ್ಯಧಾಮ ಅಥವಾ ನಾಗರಹೊಳೆ ಅಂಚಿನ ಊರಾದರೆ ಅರಣ್ಯದ ಕಡೆಯ ನಿರ್ಬಂಧವನ್ನೂ ಕೇಳಿ. ಕೊಳ್ಳುವವರ ವಕೀಲರು ಹೇಗೂ ಕೇಳುತ್ತಾರೆ. ಉತ್ತರ ಮೊದಲೇ ನಿಮ್ಮ ಫೈಲಿನಲ್ಲಿದ್ದರೆ ಮಾತು ಬೇಗ ಮುಗಿಯುತ್ತದೆ.

ಈಗಲೇ ಮಾರುವುದಾ, ದಾಖಲೆ ಸರಿ ಮಾಡಿ ಮಾರುವುದಾ

ಬೇರೆ ಜಿಲ್ಲೆಯಲ್ಲಿ ಪಹಣಿ, ಮ್ಯುಟೇಶನ್, ಋಣಭಾರ ಪತ್ರ ನೋಡಿದರೆ ಅರ್ಧ ಕೆಲಸ ಮುಗಿಯಿತು. ಕೊಡಗಿನಲ್ಲಿ ಹಾಗಲ್ಲ. ಜಮ್ಮಾ ಬಾಣೆ (ಗದ್ದೆಯ ಜೊತೆ ತಲೆಮಾರುಗಳಿಂದ ಮನೆತನಕ್ಕೆ ಬಂದ ಗುಡ್ಡದ ಜಾಗ) ಆದರೆ ಪಹಣಿಯಲ್ಲಿ ಹಳೆಯ ಪಟ್ಟೆದಾರರ, ಅಂದರೆ ಮನೆತನದ ಯಜಮಾನರ ಹೆಸರು ಇರುತ್ತದೆ. ಎಷ್ಟೋ ಕಡೆ ಅವರು ತೀರಿಹೋಗಿ ಎರಡು ತಲೆಮಾರು ಆಗಿರುತ್ತದೆ. ಅನುಭವಿಸುತ್ತಿರುವುದು ನೀವು, ಹಕ್ಕು ಇರುವುದು ಒಕ್ಕದ, ಅಂದರೆ ಮನೆತನದ ಹಲವರಿಗೆ. ಒಬ್ಬರು ದುಬೈಯಲ್ಲಿ, ಒಬ್ಬರು ಸೈನ್ಯದಲ್ಲಿ, ಒಬ್ಬರ ಜೊತೆ ಮಾತೇ ಇಲ್ಲ. ಆ ಎಲ್ಲ ಸಹಿ ಆಗದೆ ಬುದ್ಧಿವಂತರು ಯಾರೂ ಪೂರ್ತಿ ಹಣ ಕೊಡುವುದಿಲ್ಲ.

ರಿಡೀಮ್ಡ್ (ಮರಗಳ ಮೇಲಿನ ಸರ್ಕಾರದ ಹಕ್ಕನ್ನು ದುಡ್ಡು ಕಟ್ಟಿ ಬಿಡಿಸಿಕೊಂಡ ಜಾಗ) ಹೌದಾ ಅಲ್ಲವಾ ಅನ್ನುವುದೂ ಅಷ್ಟೇ ಮುಖ್ಯ. ಅನ್‌ರಿಡೀಮ್ಡ್ ಜಾಗದಲ್ಲಿ ಬೆಲೆಬಾಳುವ ಮರಗಳ ಮೇಲೆ ಸರ್ಕಾರದ ಹಕ್ಕು ಇರುತ್ತದೆ. ನೀರಿನಂಚಿನಲ್ಲಿ ನಾಲ್ಕು ದೊಡ್ಡ ಬೀಟೆ ನಿಂತಿವೆ ಅಂತ ಅದನ್ನೂ ಸೇರಿಸಿ ಬೆಲೆ ಹೇಳಿದರೆ, ಮರ ಯಾರದು ಅನ್ನುವ ಪ್ರಶ್ನೆ ಬಂದಾಗ ಉತ್ತರ ಇರುವುದಿಲ್ಲ. ಸರ್ಕಾರದಿಂದ ಮಂಜೂರಾದ ಜಾಗ ಆದರೆ ಮಂಜೂರಾತಿ ಷರತ್ತು ಓದಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು 1978ರ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ. ಮಾರಿದರೂ ಆ ಮಾರಾಟ ನಿಲ್ಲುವುದಿಲ್ಲ.

ಹಾಗಾದರೆ ಎರಡು ದಾರಿ. ಇದ್ದ ಹಾಗೆ ಈಗಲೇ ಮಾರಿದರೆ ಬೇಗ ಆಗಬಹುದು. ಆದರೆ ಕೊಳ್ಳಲು ಬರುವವರು ಕಡಿಮೆ, ಬಂದವರು ತೊಂದರೆ ತಮ್ಮ ತಲೆಗೆ ಬರುತ್ತದೆ ಅಂತ ದುಡ್ಡು ಕಡಿಮೆ ಮಾಡುತ್ತಾರೆ. ದಾಖಲೆ ಸರಿ ಮಾಡಿಸಿ ಮಾರಿದರೆ ಒಂದು ವರ್ಷವೋ ಎರಡು ವರ್ಷವೋ ಹೋಗಬಹುದು, ತಾಲ್ಲೂಕು ಕಚೇರಿಗೆ ಓಡಾಟ ಇದ್ದೇ ಇದೆ. ಆಸ್ಪತ್ರೆ ಖರ್ಚು, ಬ್ಯಾಂಕ್ ನೋಟಿಸ್ ಅಂಥ ತುರ್ತು ಇಲ್ಲದಿದ್ದರೆ ಎರಡನೆಯದೇ ಸರಿ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ತುರ್ತು ಇದ್ದರೂ ಕನಿಷ್ಠ ಮೂರು ಕೆಲಸ ಮುಗಿಸಿಕೊಳ್ಳಿ: ಒಕ್ಕದ ಹಕ್ಕುದಾರರ ಲಿಖಿತ ಒಪ್ಪಿಗೆ, ಈಚಿನ ಸರ್ವೆ ನಕ್ಷೆ, ಬ್ಯಾಂಕ್ ಸಾಲ ಇದ್ದರೆ ಬಾಕಿ ಎಷ್ಟು ಎಂಬ ಪತ್ರ.

ಮನೆ ಇರುವ ಜಾಗ ಕೃಷಿಯಿಂದ ಬೇರೆ ಬಳಕೆಗೆ ಪರಿವರ್ತನೆ ಆಗಿದೆಯಾ, ಪಂಚಾಯಿತಿಯ ಆಸ್ತಿ ದಾಖಲೆಗಳಾದ ನಮೂನೆ 9 ಮತ್ತು 11 ಸಿಗುತ್ತದೆಯಾ ಅನ್ನುವುದನ್ನೂ ಈಗಲೇ ನೋಡಿ. ಪೇಟೆಯ ಬಹಳ ಜನ ಬ್ಯಾಂಕ್ ಸಾಲ ಮಾಡಿಯೇ ಕೊಳ್ಳುತ್ತಾರೆ. ಆ ಕಾಗದ ಇಲ್ಲದಿದ್ದರೆ ಬ್ಯಾಂಕ್ ಸಾಲ ಸಿಗುವುದು ಕಷ್ಟ, ಅಂಥವರೆಲ್ಲ ಪಟ್ಟಿಯಿಂದ ಹೊರಗೆ ಹೋಗುತ್ತಾರೆ.

ಯಾರಿಗೆ ಮಾರುವುದು

ಪಕ್ಕದ ತೋಟದವರು ಅಥವಾ ನೆಂಟರು. ಇವರು ಅತಿ ಹೆಚ್ಚಿನ ರೇಟ್ ಕೊಡುವುದಿಲ್ಲ, ಅದನ್ನು ಮೊದಲೇ ಒಪ್ಪಿಕೊಳ್ಳಿ. ಆದರೆ ನಿಮ್ಮ ಜಾಗದ ಇತಿಹಾಸ ಅವರಿಗೆ ಗೊತ್ತು. 2019ರಲ್ಲಿ ನೀರು ಎಲ್ಲಿಗೆ ಬಂದಿತ್ತು ಅಂತ ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ದಾರಿ ತಕರಾರು, ಪಂಪ್‌ಹೌಸ್ ತಕರಾರು ಏನಾದರೂ ಇದ್ದರೆ ಅದು ಅವರ ಜೊತೆಗೇ ಇರುವಂಥದ್ದು, ಮಾರಿದರೆ ಅದೂ ಮುಗಿಯಿತು. ಹೊಳೆ ದಂಡೆಯ ಜಾಗಕ್ಕೆ ಇವರೇ ಮೊದಲು ಅಂದದ್ದು ಈ ಕಾರಣಕ್ಕೆ. ತಿಳಿದು ಕೊಂಡವರು ಮುಂದಿನ ಆಗಸ್ಟ್‌ನಲ್ಲಿ ಫೋನ್ ಮಾಡಿ ಜಗಳ ಆಡುವುದಿಲ್ಲ. ನೆಂಟರ ಜೊತೆ ವ್ಯವಹಾರದಲ್ಲಿ ಒಂದೇ ಎಚ್ಚರ. ದುಡ್ಡಿನ ಮಾತು ಬಾಯಲ್ಲಿ ಬಿಡದೆ ಅಗ್ರಿಮೆಂಟ್ ಮಾಡಿಸಿ. ಮಾಡಿಸಲು ಮುಜುಗರ ಆಗುತ್ತದೆ, ಆದರೂ ಮಾಡಿಸಿ.

ಬೆಂಗಳೂರು, ಮೈಸೂರಿನ ಕುಟುಂಬಗಳು. 2020ರ ತನಕ ಕೃಷಿಕರಲ್ಲದವರಿಗೆ ಕೃಷಿ ಜಮೀನು ಕೊಳ್ಳಲು ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಅಡ್ಡ ಬರುತ್ತಿತ್ತು. ಆ ವರ್ಷದ ತಿದ್ದುಪಡಿಯಲ್ಲಿ ಅವು ಹೋದವು. ಅಂದಿನಿಂದ ಕೊಳ್ಳಬಲ್ಲವರ ಸಂಖ್ಯೆ ದೊಡ್ಡದಾಗಿದೆ. ಇವರು ನೋಟಕ್ಕೆ ದುಡ್ಡು ಕೊಡುತ್ತಾರೆ, ಹಾಗಾಗಿ ಹಿನ್ನೀರಿನ ಮನೆಗೆ ಒಳ್ಳೆಯ ರೇಟ್ ಬರುವುದು ಇವರಿಂದಲೇ. ಆದರೆ ತೀರ್ಮಾನಕ್ಕೆ ಬರಲು ಸಮಯ ತಗೊಳ್ಳುತ್ತಾರೆ. ಮೊದಲ ಸಲ ಗಂಡ ಹೆಂಡತಿ, ಎರಡನೇ ಸಲ ಅಪ್ಪ ಅಮ್ಮ, ಮೂರನೇ ಸಲ ವಕೀಲರು. "ಆನೆ ಬರುತ್ತಾ ಆಂಟಿ?" ಅಂತ ಮಕ್ಕಳು ಕೇಳುತ್ತಾರೆ. ಸಿದ್ದಾಪುರ, ಚೆಟ್ಟಳ್ಳಿ, ನೆಲ್ಯಹುದಿಕೇರಿ ಕಡೆಯವರು ಇಲ್ಲ ಅಂತ ಹೇಳಲಿಕ್ಕೆ ಆಗುವುದಿಲ್ಲ, ಹೇಳಲೂ ಬಾರದು. ಬಂದರೆ ಯಾವ ದಾರಿಯಲ್ಲಿ ಬರುತ್ತದೆ, ಯಾವ ತಿಂಗಳಲ್ಲಿ ಜಾಸ್ತಿ, ಸೋಲಾರ್ ಬೇಲಿ ಎಲ್ಲಿಯ ತನಕ ಇದೆ, ಅರಣ್ಯ ಇಲಾಖೆಯವರಿಗೆ ಹೇಗೆ ತಿಳಿಸುವುದು ಅಂತ ಬಿಡಿಸಿ ಹೇಳಿ. ಹೇಳಿದವರ ಮೇಲೆ ನಂಬಿಕೆ ಬರುತ್ತದೆ.

ವಿದೇಶದಲ್ಲಿ ನೆಲೆಸಿದವರು ಬಂದರೆ ಮೊದಲೇ ಸ್ಪಷ್ಟ ಮಾಡಿಕೊಳ್ಳಿ. ಅನಿವಾಸಿ ಭಾರತೀಯರು ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಪರಿವರ್ತನೆಯಾದ ಜಾಗದ ಮನೆ ಕೊಳ್ಳಬಹುದು. ಊರಲ್ಲಿರುವ ಅಣ್ಣನ ಹೆಸರಲ್ಲಿ ಮಾಡಿಸೋಣ ಅನ್ನುವ ಸಲಹೆಗೆ ನೀವು ಕೈ ಹಾಕಬೇಡಿ.

ರೆಸಾರ್ಟ್ ಮಾಡುವವರು, ಲೇಔಟ್ ಮಾಡುವವರು. ಕಿವಿಗೆ ಬೀಳುವ ದೊಡ್ಡ ರೇಟ್ ಎಲ್ಲ ಸಾಮಾನ್ಯವಾಗಿ ಇವರದೇ. ಆದರೆ ಆ ರೇಟ್‌ನ ಹಿಂದೆ ಷರತ್ತು ಇರುತ್ತದೆ. ಪರಿವರ್ತನೆ ಆದ ಮೇಲೆ ದುಡ್ಡು, ಪರವಾನಗಿ ಬಂದ ಮೇಲೆ ದುಡ್ಡು, ಅಲ್ಲಿಯ ತನಕ ಸಣ್ಣ ಅಡ್ವಾನ್ಸ್ ಮತ್ತು ಒಂದು ಜಿಪಿಎ, ಅಂದರೆ ನಿಮ್ಮ ಪರವಾಗಿ ವ್ಯವಹಾರ ಮಾಡಲು ಅಧಿಕಾರ ಕೊಡುವ ಪತ್ರ. ಗದ್ದೆ ಪರಿವರ್ತನೆ ಕೊಡಗಿನಲ್ಲಿ ಸುಲಭವಲ್ಲ. 2018ರ ಭೂಕುಸಿತದ ನಂತರ ಇಳಿಜಾರಿನ ಜಾಗಗಳ ಮೇಲೆ ಆಡಳಿತದ ಕಣ್ಣು ಜಾಸ್ತಿಯಾಗಿದೆ. ಹಾಗಾಗಿ ನಿಮ್ಮ ಜಾಗ ವರ್ಷಗಟ್ಟಲೆ ಅಗ್ರಿಮೆಂಟ್‌ನಲ್ಲೇ ಸಿಕ್ಕಿಕೊಳ್ಳಬಹುದು, ಬೇರೆಯವರಿಗೆ ಮಾರಲೂ ಆಗುವುದಿಲ್ಲ. ಜಿಪಿಎ ಮೂಲಕ ಮಾಡಿದ ಮಾರಾಟದಿಂದ ಹಕ್ಕು ವರ್ಗ ಆಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಈ ದಾರಿ ಹಿಡಿಯುವುದಾದರೆ ಅಗ್ರಿಮೆಂಟ್‌ಗೆ ಕೊನೆಯ ದಿನ ಬರೆಸಿ, ಅಷ್ಟರೊಳಗೆ ಆಗದಿದ್ದರೆ ಅಗ್ರಿಮೆಂಟ್ ರದ್ದು ಅಂತ ಬರೆಸಿ, ಜಿಪಿಎ ಕೊಡಬೇಡಿ.

ಅಕ್ಕಪಕ್ಕದವರ ನೀರಿನ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಕೆರೆ ಅಂಚಿನಲ್ಲಿ ಮೂವತ್ತು ಕೋಣೆ ಎದ್ದರೆ ಕೆಳಗಿನ ತೋಟಗಳಿಗೆ ಬರುವ ನೀರು, ಬಾವಿಯ ನೀರು ಮೊದಲಿನ ಹಾಗೆ ಇರುವುದಿಲ್ಲ. ನೀವು ದುಡ್ಡು ತಗೊಂಡು ಹೋಗುತ್ತೀರಿ, ಪಕ್ಕದವರು ಅಲ್ಲೇ ಇರುತ್ತಾರೆ. ಒಂದೆರಡು ಲಕ್ಷ ಕಡಿಮೆ ಆದರೂ ವಾಸಕ್ಕೆ ಬರುವ ಕುಟುಂಬಕ್ಕೆ ಕೊಡುವುದು ಒಳ್ಳೆಯದು ಅಂತ ನನ್ನ ಅನಿಸಿಕೆ. ಎಲ್ಲರಿಗೂ ಅದು ಆಗುವುದಿಲ್ಲ, ಆಗುವವರು ಯೋಚನೆ ಮಾಡಲಿ.

ಬ್ರೋಕರ್ ಮೂಲಕವೋ, ನೀವೇ ನೇರವಾಗಿಯೋ

ಬ್ರೋಕರ್ ಕಮಿಷನ್ ಸಾಮಾನ್ಯವಾಗಿ ಶೇ 1ರಿಂದ 2. ಕೋಟಿ ವ್ಯವಹಾರದಲ್ಲಿ ಒಂದು ಎರಡು ಲಕ್ಷ. ನೀವು ಊರಲ್ಲೇ ಇದ್ದು, ಫೋನ್ ಎತ್ತಿ ಮಾತಾಡಲು ಪುರುಸೊತ್ತು ಇದ್ದರೆ, ಪಕ್ಕದವರಿಗೆ ಮಾರುವಾಗ ಬ್ರೋಕರ್ ಬೇಕಿಲ್ಲ. ನೀವು ಬೆಂಗಳೂರಲ್ಲಿದ್ದು ಮನೆಗೆ ಬೀಗ ಹಾಕಿದ್ದರೆ, ಕೊಳ್ಳುವವರೂ ಹೊರಗಿನವರಾದರೆ, ಒಳ್ಳೆಯ ಬ್ರೋಕರ್ ತನ್ನ ಕಮಿಷನ್ ದುಡಿದೇ ತಗೊಳ್ಳುತ್ತಾನೆ. ಸುಮ್ನೆ ನೋಡಿ ಹೋಗುವ ಜನರನ್ನು ಅವನು ಗೇಟ್ ಹೊರಗೇ ನಿಲ್ಲಿಸುತ್ತಾನೆ. ಇದೇ ದೊಡ್ಡ ಸಹಾಯ. ಶನಿವಾರ, ಭಾನುವಾರ ಪಿಕ್ನಿಕ್ ಥರ ಜಾಗ ನೋಡಲು ಬರುವವರು ಬಹಳ.

ಒಳ್ಳೆಯ ಬ್ರೋಕರ್‌ನನ್ನು ಗುರುತಿಸಲು ಒಂದು ಪರೀಕ್ಷೆ ಇದೆ. ಜಾಗ ನೋಡಿದ ಮೇಲೆ ಅವನು ಮೊದಲು ಪಹಣಿ ಕೇಳುತ್ತಾನಾ, ರೇಟ್ ಹೇಳುತ್ತಾನಾ? ರೇಟ್ ಮೊದಲು ಹೇಳುವವನು ಜಾಗ ಕೈಗೆ ಸಿಗಲಿ ಅಂತ ದೊಡ್ಡ ಸಂಖ್ಯೆ ಹೇಳುತ್ತಾನೆ, ಆರು ತಿಂಗಳ ಮೇಲೆ ಇಳಿಸಿಕೊಳ್ಳುತ್ತಾ ಬರುತ್ತಾನೆ. "ನೀವು ಸುಮ್ನಿರಿ ಅಕ್ಕ, ಮೇಲೆ ಬಂದದ್ದು ನಂಗೆ" ಅನ್ನುವ ವ್ಯವಹಾರಕ್ಕೂ ಒಪ್ಪಬೇಡಿ. ನಿಮಗೆ ಇಷ್ಟು ಸಿಕ್ಕರೆ ಸಾಕು, ಅದರ ಮೇಲೆ ಎಷ್ಟಕ್ಕೆ ಮಾರಿದರೂ ಅವನದು ಅಂದರೆ ನಿಮ್ಮ ಮನೆ ಎಷ್ಟಕ್ಕೆ ಹೋಯಿತು ಅಂತ ನಿಮಗೇ ಗೊತ್ತಾಗುವುದಿಲ್ಲ. ಒಂದೇ ಜಾಗವನ್ನು ಐದು ಬ್ರೋಕರ್‌ಗಳಿಗೆ ಐದು ರೇಟ್‌ಗೆ ಹೇಳಿದರೆ, ವಾಟ್ಸಾಪ್‌ನಲ್ಲಿ ಆ ಐದೂ ಓಡಾಡುತ್ತವೆ. ಕೊಳ್ಳುವವರು ಕಡಿಮೆಯದನ್ನೇ ಹಿಡಿದು ಕೂರುತ್ತಾರೆ. ಇಬ್ಬರಿಗೆ ಹೇಳಿ, ಇಬ್ಬರಿಗೂ ಒಂದೇ ರೇಟ್ ಹೇಳಿ.

ನೀವೇ ಆನ್‌ಲೈನ್‌ನಲ್ಲಿ ಹಾಕುವುದಾದರೆ ಫೋಟೋ ಜೊತೆ ತಿಂಗಳು ಬರೆಯಿರಿ. ಆಗಸ್ಟ್ ಫೋಟೋ ಒಂದು, ಏಪ್ರಿಲ್ ಫೋಟೋ ಒಂದು, ಎರಡೂ ಹಾಕಿ. ಪಹಣಿ, ಆಧಾರ್ ಪ್ರತಿಯನ್ನೆಲ್ಲ ಅಪರಿಚಿತರಿಗೆ ವಾಟ್ಸಾಪ್ ಮಾಡಬೇಡಿ. ಜಾಗ ನೋಡಿ ಹೋದವರಿಗೆ ಮಾತ್ರ ಸಾಕು.

ಪೂರ್ತಿ ಮಾರುವುದಾ, ಸ್ವಲ್ಪ ಉಳಿಸಿಕೊಳ್ಳುವುದಾ

ಮನೆ, ಕೆರೆ, ಎರಡು ಎಕರೆ ಕಾಫಿ ಇದೆ ಅಂದುಕೊಳ್ಳಿ. ನೀರಿನ ಪಕ್ಕದ 50 ಸೆಂಟ್ ಮತ್ತು ಮನೆ ಮಾರಿ ಕಾಫಿ ಉಳಿಸಿಕೊಳ್ಳೋಣ ಅನ್ನಿಸುತ್ತದೆ. ಭಾಗ ಮಾರಲು ಆ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆ ಬೇಕು, ಆಮೇಲೆ ಪೋಡಿ (ದಾಖಲೆಯಲ್ಲಿ ಜಾಗ ಬೇರೆ ಮಾಡುವುದು) ಆಗಬೇಕು. ಆದರೆ ನಿಜವಾದ ಪ್ರಶ್ನೆ ನೀರು ಯಾರ ಪಾಲಿಗೆ ಹೋಗುತ್ತದೆ ಅನ್ನುವುದು. ಕೆರೆ ಮಾರಿದ ಮೇಲೆ ಉಳಿದ ಕಾಫಿಗೆ ಸ್ಪ್ರಿಂಕ್ಲರ್ ಎಲ್ಲಿಂದ? ನೀರು ಎತ್ತುವ ಹಕ್ಕು, ಪೈಪ್ ಹೋಗುವ ದಾರಿ, ದುರಸ್ತಿಗೆ ಒಳಗೆ ಬರುವ ಹಕ್ಕು ಇವನ್ನೆಲ್ಲ ಕ್ರಯಪತ್ರದಲ್ಲೇ ಬರೆಸಬೇಕು. ಬರೆಸಲು ಕೊಳ್ಳುವವರು ಒಪ್ಪದಿದ್ದರೆ ಭಾಗ ಮಾರಬೇಡಿ. ನೀರಿಲ್ಲದೆ ಉಳಿದ ತೋಟಕ್ಕೆ ಆಮೇಲೆ ಬೆಲೆ ಬರುವುದಿಲ್ಲ.

ಕೈಮಡ (ಹಿರಿಯರ ಗುಡಿ) ಅಥವಾ ಹಿರಿಯರನ್ನು ಮಣ್ಣು ಮಾಡಿದ ಜಾಗ ಆ ಸರ್ವೆ ನಂಬರ್‌ನಲ್ಲಿ ಇದ್ದರೆ ಅಷ್ಟನ್ನು ಬೇರೆ ಮಾಡಿ, ದಾರಿ ಸಮೇತ ಒಕ್ಕದ ಹೆಸರಲ್ಲಿ ಉಳಿಸಿಕೊಳ್ಳಿ. ಕೊಂಡವರು ಎಷ್ಟೇ ಒಳ್ಳೆಯವರಿರಲಿ, ಅವರು ಮುಂದೆ ಇನ್ನೊಬ್ಬರಿಗೆ ಮಾರುತ್ತಾರೆ.

ಮಾರುವ ಬದಲು ಮನೆಯನ್ನು ಲೀಸ್‌ಗೆ ಕೊಡುವುದು ಇನ್ನೊಂದು ದಾರಿ. ಮನಸ್ಸು ಇನ್ನೂ ಗಟ್ಟಿ ಆಗದವರಿಗೆ, ಒಕ್ಕದ ಸಹಿಗಳಿಗೆ ಕಾಯುತ್ತಿರುವವರಿಗೆ ಅದು ಸರಿ. ಒಂದು ವರ್ಷಕ್ಕಿಂತ ಜಾಸ್ತಿಯ ಲೀಸ್ ರಿಜಿಸ್ಟರ್ ಆಗಬೇಕು. ಮನೆಯನ್ನು ಮಾತ್ರ ಕೊಡಿ, ಕೃಷಿ ಜಮೀನನ್ನು ಸೇರಿಸಿದರೆ ಭೂ ಸುಧಾರಣಾ ಕಾಯ್ದೆಯ ಪ್ರಶ್ನೆ ಬರುತ್ತದೆ. ಹೋಮ್‌ಸ್ಟೇ ನಡೆಯುತ್ತಿರುವ ಮನೆ ಮಾರುವವರು ಗಮನಿಸಿ, ನೋಂದಣಿ ನಿಮ್ಮ ಹೆಸರಲ್ಲಿದೆ. ಕೊಂಡವರು ತಮ್ಮ ಹೆಸರಲ್ಲಿ ಮತ್ತೆ ಮಾಡಿಸಬೇಕು. ಅದನ್ನೂ ಸೇರಿಸಿ ಮಾರುತ್ತೇವೆ ಅಂತ ಮಾತು ಕೊಡಬೇಡಿ.

ಯಾವ ತಿಂಗಳು ತೋರಿಸುವುದು

ಜೂನ್‌ನಿಂದ ಸೆಪ್ಟೆಂಬರ್ ತನಕ ಜಾಗ ತೋರಿಸುವುದು ಕಷ್ಟ. ದಾರಿ ಕೆಸರು, ಜಿಗಣೆ, ಕರೆಂಟ್ ಇಲ್ಲ. ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ, ಮಾತುಕತೆಗೆ ನಮ್ಮವರೂ ಕೂರುವುದಿಲ್ಲ. ತುಲಾ ಸಂಕ್ರಮಣದಿಂದ ಪುತ್ತರಿ ಹಬ್ಬದ ತನಕ, ಅಂದರೆ ಅಕ್ಟೋಬರ್ ನಡುವಿನಿಂದ ಡಿಸೆಂಬರ್ ತನಕ ಒಳ್ಳೆಯ ಕಾಲ. ಹಿನ್ನೀರು ತುಂಬಿರುತ್ತದೆ, ಮಳೆ ಬಿಟ್ಟಿರುತ್ತದೆ, ಗಿಡದಲ್ಲಿ ಕಾಫಿ ಹಣ್ಣಾಗುತ್ತಿರುತ್ತದೆ. ತೋಟದ ಕೆರೆ ಇರುವವರು ಮಾರ್ಚ್, ಏಪ್ರಿಲ್‌ನಲ್ಲಿ ತೋರಿಸಿ. ಆಗಲೂ ಕೆರೆಯಲ್ಲಿ ನೀರಿದೆ ಅನ್ನುವುದು ಕಣ್ಣಿಗೇ ಕಾಣುತ್ತದೆ.

ಹೊಳೆ ದಂಡೆಯವರು ಪ್ರವಾಹದ ಗುರುತನ್ನು ಅಳಿಸಬೇಡಿ. ಗುಹ್ಯ ಕಡೆ ಒಬ್ಬರ ಪಂಪ್‌ಹೌಸ್ ಗೋಡೆ ಮೇಲೆ 2019ರ ನೀರಿನ ಮಟ್ಟಕ್ಕೆ ಇದ್ದಿಲಲ್ಲಿ ಗೆರೆ ಎಳೆದು ತಾರೀಕು ಬರೆದಿದ್ದಾರೆ. ಮನೆಯ ಮೆಟ್ಟಿಲು ಆ ಗೆರೆಗಿಂತ ಎಷ್ಟೋ ಮೇಲೆ ಇದೆ. ಬಂದವರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ, ಗೆರೆ ನೋಡುತ್ತಾರೆ, ಮನೆ ನೋಡುತ್ತಾರೆ. ಮಾರುವುದಕ್ಕೆ ಅಂತ ಗೋಡೆಗೆ ಬಣ್ಣ ಹೊಡೆಸಿ ಮುಚ್ಚಿದರೆ ಆ ಅನುಕೂಲ ಹೋಯಿತು. ಮನೆಯೊಳಗೇ ನೀರು ಬಂದಿದ್ದರೂ ಹೇಳಿ. ಊರವರು ಹೇಳಿಯೇ ಹೇಳುತ್ತಾರೆ, ಅವರ ಬಾಯಿಂದ ಗೊತ್ತಾದರೆ ಉಳಿದ ಮಾತನ್ನೂ ಯಾರೂ ನಂಬುವುದಿಲ್ಲ.

ರಿಪೇರಿಗೆ ಜಾಸ್ತಿ ಸುರಿಯಬೇಡಿ. ಸೋರುವ ಹಂಚು ಬದಲಿಸಿ, ಬಚ್ಚಲು ಸರಿ ಮಾಡಿಸಿ, ಕಾರು ಬರುವ ದಾರಿಗೆ ಜಲ್ಲಿ ಹಾಕಿಸಿ, ನೀರಿನ ಕಡೆಯ ಪೊದೆ ಕಡಿಸಿ. ನೀರಂಚಿನಲ್ಲಿ ಹೊಸದಾಗಿ ಏನನ್ನೂ ಕಟ್ಟಬೇಡಿ.

ದುಡ್ಡು ಮತ್ತು ತೆರಿಗೆ

ಅಡ್ವಾನ್ಸ್ ಅನ್ನು 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ನಗದಾಗಿ ತಗೊಳ್ಳುವಂತಿಲ್ಲ. ತಗೊಂಡರೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಅರ್ಧ ಬ್ಲ್ಯಾಕ್, ಅರ್ಧ ವೈಟ್ ಅನ್ನುವವರಿಗಿಂತ ಪೂರ್ತಿ ಬ್ಯಾಂಕ್ ಮೂಲಕ ಕೊಡುವವರು ಸ್ವಲ್ಪ ಕಡಿಮೆ ಹೇಳಿದರೂ ಅವರೇ ಮೇಲು.

ಗ್ರಾಮೀಣ ಕೃಷಿ ಜಮೀನು ಮಾರಿದ ಹಣಕ್ಕೆ ಬಂಡವಾಳ ಲಾಭದ ತೆರಿಗೆ ಇಲ್ಲ. ಆದರೆ ಹತ್ತು ಸಾವಿರದಿಂದ ಒಂದು ಲಕ್ಷದ ತನಕ ಜನ ಇರುವ ಪಟ್ಟಣದ ಗಡಿಯಿಂದ ನೇರ ಅಳತೆಯಲ್ಲಿ 2 ಕಿಲೋಮೀಟರ್ ಒಳಗಿದ್ದರೆ ಅದು ಗ್ರಾಮೀಣ ಅಲ್ಲ. ಮಡಿಕೇರಿ, ಕುಶಾಲನಗರ, ವಿರಾಜಪೇಟೆ ಹತ್ತಿರ ಇರುವವರು ಇದನ್ನು ಅಳತೆ ಮಾಡಿಸಿಕೊಳ್ಳಿ. ಮನೆಗೆ, ಪರಿವರ್ತನೆಯಾದ ಜಾಗಕ್ಕೆ ತೆರಿಗೆ ಇದೆ. ಎರಡು ವರ್ಷಕ್ಕಿಂತ ಜಾಸ್ತಿ ಇಟ್ಟುಕೊಂಡಿದ್ದರೆ ಶೇ 12.5. 2024ರ ಜುಲೈ 23ಕ್ಕಿಂತ ಮುಂಚೆ ನಿಮ್ಮದಾದ ಆಸ್ತಿಗೆ, ನೀವು ಇಲ್ಲಿಯೇ ವಾಸ ಇರುವವರಾದರೆ, ಬೆಲೆ ಏರಿಕೆ ಲೆಕ್ಕ ಹಾಕಿ ಶೇ 20ರ ಹಳೆಯ ಲೆಕ್ಕವನ್ನೂ ನೋಡಬಹುದು, ಯಾವುದು ಕಡಿಮೆಯೋ ಅದು. ತೋಟ ಮತ್ತು ಮನೆ ಒಟ್ಟಿಗೆ ಮಾರುವವರು ಯಾವುದಕ್ಕೆ ಎಷ್ಟು ಅಂತ ಕ್ರಯಪತ್ರದಲ್ಲಿ ಬೇರೆ ಬೇರೆ ತೋರಿಸುವ ಬಗ್ಗೆ ಅಗ್ರಿಮೆಂಟ್‌ಗೆ ಮುಂಚೆಯೇ ಆಡಿಟರ್ ಹತ್ತಿರ ಮಾತಾಡಿ. ರಿಜಿಸ್ಟ್ರೇಷನ್ ಆದ ಮೇಲೆ ಹೋದರೆ ಅವರು ಏನೂ ಮಾಡಲಾರರು. ಗ್ರಾಮೀಣ ಕೃಷಿ ಜಮೀನು ಬಿಟ್ಟು ಬೇರೆ ಆಸ್ತಿಗೆ 50 ಲಕ್ಷ ಅಥವಾ ಜಾಸ್ತಿ ಬೆಲೆ ಆದರೆ ಕೊಳ್ಳುವವರು ಶೇ 1 ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ತೆರಿಗೆ) ಹಿಡಿಯುತ್ತಾರೆ. ಅದು ನಿಮ್ಮ ಪ್ಯಾನ್‌ಗೆ ಜಮಾ ಆಗಿದೆಯಾ ಅಂತ ನೋಡಿಕೊಳ್ಳಿ.

ಲೈನ್ ಮನೆಯಲ್ಲಿ (ತೋಟದ ಕಾರ್ಮಿಕರ ಸಾಲು ಮನೆ) ಕೆಲಸದವರು ಇದ್ದರೆ ಅವರಿಗೆ ಮಾರುವ ವಿಷಯ ನಿಮ್ಮ ಬಾಯಿಂದಲೇ, ಅಗ್ರಿಮೆಂಟ್ ಆಗುವ ಮೊದಲೇ ತಿಳಿಯಲಿ. ಎಷ್ಟೋ ವರ್ಷದಿಂದ ಆ ಕೆರೆ ತೂಬು ತೆಗೆದು ಹಾಕಿದವರು ಅವರು. ಬರಬೇಕಾದ ಹಣ ಲೆಕ್ಕ ಮಾಡಿ ಕೊಡಿ, ಮುಂದೆ ಇರುತ್ತಾರಾ ಹೋಗುತ್ತಾರಾ ಅಂತ ಅವರನ್ನೇ ಕೇಳಿ, ಇರುವುದಾದರೆ ಕೊಳ್ಳುವವರ ಜೊತೆ ಕೂರಿಸಿ ಮಾತಾಡಿಸಿ. ತೂಬು ಯಾವಾಗ ತೆಗೆಯಬೇಕು, ಏರಿಯ ಯಾವ ಮೂಲೆಯಲ್ಲಿ ನೀರು ಜಿನುಗುತ್ತದೆ, ಪಂಪ್ ಎಲ್ಲಿ ಹಿಡಿದುಕೊಳ್ಳುತ್ತದೆ ಅನ್ನುವುದೆಲ್ಲ ಅವರಿಗೆ ಗೊತ್ತು. ಹೊಸಬರಿಗೆ ಮೊದಲ ಮಳೆಗಾಲದಲ್ಲೇ ಅದು ಬೇಕಾಗುತ್ತದೆ.